ಮರದ ಚೌಕಟ್ಟಿನ ಇಂಗ್ಲಿಷ್ ತಂಗುಮನೆಯನ್ನು ನೋಡುವ ಬಗೆ

ಇಂಗ್ಲೆಂಡಿನ ಗ್ಲಾಸ್ಟರ್ ನಗರದ ‘ನ್ಯೂ ಇನ್’ ನೋಡಲು ಹೋಗುವವರು ಬೀದಿಯ ಮುಖದೆದುರು ಹೆಚ್ಚು ಹೊತ್ತು ನಿಲ್ಲದೆ ನೇರವಾಗಿ ಒಳಗಿನ ಅಂಗಳಕ್ಕೆ ನಡೆಯಬೇಕು. ಎರಡನೆಯ ಎಡ್ವರ್ಡ್ ದೊರೆಯ ಸಮಾಧಿಗೆ ಬರುತ್ತಿದ್ದ ಯಾತ್ರಿಕರಿಗಾಗಿ ಸೇಂಟ್ ಪೀಟರ್ಸ್ ಮಠದ ಸನ್ಯಾಸಿ ಜಾನ್ ಟ್ವೈನಿಂಗ್ ಸುಮಾರು 1450ರಲ್ಲಿ ಇದನ್ನು ಕಟ್ಟಿಸಿದರು. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಕಾಣುವ ಮೇಲಂತಸ್ತಿನ ಉದ್ದನೆಯ ತೆರೆದ ಪಡಸಾಲೆಗಳೇ ಈ ಕಟ್ಟಡದ ಜೀವಾಳ.

ಮೊದಲು ಭಾರ ಇಳಿಯುವ ದಾರಿಯನ್ನು ಕಣ್ಣಿನಿಂದ ಹಿಂಬಾಲಿಸಿ: ಚಾವಣಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಬುನಾದಿಗೆ. ಇಲ್ಲಿ ಭಾರ ಹೊರುವುದು ಗೋಡೆಯಲ್ಲ, ಚೌಕಟ್ಟು. ಇಂತಹ ಮನೆಗಳಲ್ಲಿ ಕಂಬಗಳ ನಡುವಿನ ಜಾಗವನ್ನು ಸಾಮಾನ್ಯವಾಗಿ ಹೆಣೆದ ಕಡ್ಡಿಗಳಿಗೆ ಮಣ್ಣು ಮೆತ್ತಿ ತುಂಬುತ್ತಿದ್ದರು.

ಬಳಿಕ ಕೀಲುಗಳ ಹತ್ತಿರ ಹೋಗಿ. ಇದಕ್ಕೆ ಅವಸರ ಸಲ್ಲದು, ಏಕೆಂದರೆ ಬಡಗಿಯ ಬುದ್ಧಿವಂತಿಕೆಯೆಲ್ಲ ಅಡಗಿರುವುದು ಅಲ್ಲಿಯೇ. ಒಂದು ಮರದ ತುದಿಯನ್ನು ಇನ್ನೊಂದರ ಕುಳಿಯಲ್ಲಿ ಕೂರಿಸಿ, ಓಕ್ ಮರದ ಗೂಟ ಬಡಿದು ಬಿಗಿಗೊಳಿಸುವುದು ಆ ಕಾಲದ ಪದ್ಧತಿ. ಚೌಕಟ್ಟನ್ನು ಮೊದಲು ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಮತ್ತೆ ನಿಲ್ಲಿಸುತ್ತಿದ್ದುದರಿಂದ ಕೀಲುಗಳ ಬಳಿ ರೋಮನ್ ಅಂಕಿಗಳಂತಹ ಗೀರುಗಳು ಸಿಗಬಹುದು. ಖಾಲಿ ಕುಳಿ ಕಂಡರೆ ಅಲ್ಲಿ ಹಿಂದೆ ಬೇರೊಂದು ಮರವಿತ್ತೆಂದು ತಿಳಿಯಬಹುದು. ವಾಲಿದ ತೊಲೆಗಳನ್ನು ಮಾತ್ರ ದೋಷವೆಂದು ಭಾವಿಸಬೇಡಿ. ಹಸಿ ಓಕ್ ಮರವನ್ನೇ ಬಳಸುತ್ತಿದ್ದುದರಿಂದ ಅದು ಒಣಗುತ್ತಾ ಬಾಗುವುದು ಸಹಜ.