ಸೂನ್-ಟೆಕ್ ಓ: ವಲಸಿಗ ನಟರೊಬ್ಬರ ಜೀವನಚಿತ್ರ ಬರೆಯುವ ಬಗೆ

ಕೊರಿಯಾದಿಂದ ಅಮೆರಿಕಕ್ಕೆ ಹೋಗಿ ರಂಗಭೂಮಿಯಲ್ಲೂ ಕಿರುತೆರೆಯಲ್ಲೂ ದುಡಿದ ಸೂನ್-ಟೆಕ್ ಓ ಅವರ ಕುರಿತು ಬರೆಯಹೊರಟವರು ಮೊದಲು ಅವರ ಹೆಸರನ್ನೇ ಇತ್ಯರ್ಥ ಮಾಡಿಕೊಳ್ಳಬೇಕು. ಕೊರಿಯನ್ನರಲ್ಲಿ ಮನೆತನದ ಹೆಸರು ಮೊದಲು ಬರುವುದರಿಂದ ತಾಯ್ನಾಡಿನ ಬರಹಗಳಲ್ಲಿ ‘ಓ’ ಮುಂದಿರುತ್ತದೆ, ಅಮೆರಿಕದ ಪಾತ್ರವರ್ಗದ ಪಟ್ಟಿಗಳಲ್ಲಿ ಹಿಂದೆ ಸರಿಯುತ್ತದೆ. ‘ಟೆಕ್’ ಎಂಬುದರ ಇಂಗ್ಲಿಷ್ ಕಾಗುಣಿತವೂ ಎಲ್ಲೆಡೆ ಒಂದೇ ಅಲ್ಲ. ಎಲ್ಲ ರೂಪಗಳಲ್ಲೂ ಹುಡುಕಿ.

ಬಾಲ್ಯ, ವ್ಯಾಸಂಗಗಳಿಗೆ ಒಂದೆರಡು ವಾಕ್ಯ ಸಾಕು. 1965ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಈಸ್ಟ್ ವೆಸ್ಟ್ ಪ್ಲೇಯರ್ಸ್ ಎಂಬ ಏಷ್ಯಾ ಮೂಲದ ನಟರ ನಾಟಕ ತಂಡದ ಸ್ಥಾಪಕರಲ್ಲಿ ಅವರೂ ಒಬ್ಬರೆಂಬುದನ್ನು ಮಾತ್ರ ಬಿಡಬಾರದು. ಏಷ್ಯಾ ಮೂಲದ ನಟರಿಗೆ ಅಡುಗೆಯವನ, ಕೆಲಸದಾಳಿನ ವೇಷಗಳೇ ಗತಿಯಾಗಿದ್ದ ಕಾಲವದು.

ಹೆಚ್ಚು ಜಾಗವನ್ನು 1976ರ ಬ್ರಾಡ್‌ವೇ ಸಂಗೀತನಾಟಕ ‘ಪೆಸಿಫಿಕ್ ಓವರ್‌ಚರ್ಸ್’ಗೆ ಮೀಸಲಿಡಿ. ಗಂಡಸರೇ ಹೆಣ್ಣುವೇಷ ಹಾಕುವ ಜಪಾನಿನ ಕಬುಕಿ ರಂಗಸಂಪ್ರದಾಯದಂತೆ ಅವರು ಅದರಲ್ಲಿ ತಮಾತೆ ಎಂಬ ಗೃಹಿಣಿಯಾದರು. ಒಂದು ದೃಶ್ಯದಲ್ಲಿ ಆಕೆಯ ಅಳಲನ್ನು ಪಕ್ಕದಲ್ಲಿರುವ ಇಬ್ಬರು ಹಾಡುತ್ತಾರೆ, ಆಕೆ ಹಾಡದೆ ಆಂಗಿಕದಲ್ಲೇ ಅದನ್ನು ತೋರಿಸುತ್ತಾಳೆ. (ನಮ್ಮ ಯಕ್ಷಗಾನದ ಸ್ತ್ರೀವೇಷವನ್ನೂ ಭಾಗವತರ ಪದವನ್ನೂ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಕಿರುತೆರೆಯ ಪಾತ್ರಗಳನ್ನು ಪಟ್ಟಿ ಮಾಡುತ್ತ ಹೋಗುವುದಕ್ಕಿಂತ ಕೊರಿಯಾ ಯುದ್ಧದ ಹಿನ್ನೆಲೆಯ ‘ಮ್ಯಾಶ್’ ಧಾರಾವಾಹಿಯೊಂದನ್ನೇ ಹಿಡಿಯುವುದು ಮೇಲು. ಅದರ ಬೇರೆ ಬೇರೆ ಕಂತುಗಳಲ್ಲಿ ಅವರು ಬೇರೆ ಬೇರೆ ಕೊರಿಯನ್ನರಾಗಿ ಬರುತ್ತಾರೆ. ಒಮ್ಮೆ ಶರಣಾಗುವ ಸೈನಿಕ, ಇನ್ನೊಮ್ಮೆ ಶಸ್ತ್ರವೈದ್ಯ. ಕಂತುಗಳನ್ನು ಸಾಲಾಗಿ ನೋಡಿ, ದನಿಯನ್ನೂ ನಿಲುವನ್ನೂ ಹೋಲಿಸಿ ಬರೆಯಿರಿ. 1998ರ ‘ಮುಲಾನ್’ ಅನಿಮೇಷನ್ ಚಿತ್ರದಲ್ಲಿ ನಾಯಕಿಯ ತಂದೆಗೆ ದನಿಯಾದದ್ದನ್ನೂ 2018ರಲ್ಲಿ ತೀರಿಕೊಂಡದ್ದನ್ನೂ ಕೊನೆಗೆ ಸೇರಿಸಿ.