ಪಿಎಸ್5 ತಗೊಳ್ಳೋದಾ, ಎಕ್ಸ್‌ಬಾಕ್ಸಾ? ದುಡ್ಡು ಕೊಡುವ ಮೊದಲು ಹೀಗೆ ತೂಗಿ ನೋಡಿ

ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5), ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ಹೀಗೆ ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರಗಳಲ್ಲಿ, ಅಂದರೆ ಕನ್ಸೋಲ್‌ಗಳಲ್ಲಿ, ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಆಡಲೇಬೇಕು ಅನ್ನಿಸುವ ಮೂರು ಗೇಮ್ ಯಾವುದು? ಮೊದಲು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಿಕ್ಕ ಲೆಕ್ಕವೆಲ್ಲ ಆಮೇಲೆ. ಚೀಟಿಯಲ್ಲಿ ಮಾರಿಯೋ, ಜೆಲ್ಡಾ ಇದ್ದರೆ ನಿಂಟೆಂಡೊ ಬಿಟ್ಟು ಬೇರೆ ದಾರಿಯಿಲ್ಲ. ಆದರೆ ಆ ಕಂಪನಿ ಭಾರತದಲ್ಲಿ ತನ್ನ ಕನ್ಸೋಲ್‌ಗಳನ್ನು ಅಧಿಕೃತವಾಗಿ ಮಾರುವುದಿಲ್ಲ. ಇಲ್ಲಿ ಸಿಗುವುದು ಹೊರಗಿನಿಂದ ತರಿಸಿದ ಮಾಲು, ಹಾಗಾಗಿ ಕೆಟ್ಟರೆ ರಿಪೇರಿ ಯಾರು ಮಾಡಿಕೊಡುತ್ತಾರೆ ಅಂತ ಅಂಗಡಿಯಲ್ಲೇ ಬಾಯಿಬಿಟ್ಟು ಕೇಳಿ.

ಈಗ ಹಾರ್ಡ್‌ವೇರ್. ಎಲ್ಲರೂ ಟೆರಾಫ್ಲಾಪ್ ಟೆರಾಫ್ಲಾಪ್ ಅನ್ನುತ್ತಾರಲ್ವಾ, ಚಿಪ್ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡಬಲ್ಲದು ಅನ್ನುವ ಅಳತೆ ಅದು. ಅದು ಎಲ್ಲಿಂದ ಬರುತ್ತದೆ ನೋಡಿ. ಪಿಎಸ್5ರ ಗ್ರಾಫಿಕ್ಸ್ ಚಿಪ್‌ನಲ್ಲಿ 36 ಕಂಪ್ಯೂಟ್ ಯೂನಿಟ್ (ಲೆಕ್ಕ ಮಾಡುವ ಭಾಗಗಳು) ಇವೆ, ವೇಗ 2.23 ಗಿಗಾಹರ್ಟ್ಸ್. 36ನ್ನು 64ರಿಂದ (ಒಂದೊಂದು ಯೂನಿಟ್ಟಿನಲ್ಲಿರುವ ಚಿಕ್ಕ ಕೋರ್‌ಗಳು), ಅದನ್ನು 2ರಿಂದ (ಒಂದು ಬಡಿತಕ್ಕೆ ಒಂದು ಕೋರ್ ಮಾಡುವ ಲೆಕ್ಕ), ಕೊನೆಗೆ 2.23ರಿಂದ ಗುಣಿಸಿ. ಸುಮಾರು 10,276 ಗಿಗಾಫ್ಲಾಪ್ ಬರುತ್ತದೆ, ಸಾವಿರದಿಂದ ಭಾಗಿಸಿದರೆ 10.28 ಟೆರಾಫ್ಲಾಪ್. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 52 ಯೂನಿಟ್, ವೇಗ 1.825. ಅದೇ ಲೆಕ್ಕ ಮಾಡಿದರೆ 12 ಟೆರಾಫ್ಲಾಪ್‌ಗಿಂತ ಸ್ವಲ್ಪ ಜಾಸ್ತಿ. ಹಾಗಂತ ಎಕ್ಸ್‌ಬಾಕ್ಸ್ ಗೆದ್ದಿತು ಅಂತಲ್ಲ. ಪಿಎಸ್5ರ ಎಸ್‌ಎಸ್‌ಡಿ, ಅಂದರೆ ಗೇಮ್‌ಗಳನ್ನು ಇಟ್ಟುಕೊಳ್ಳುವ ಒಳಗಿನ ಸ್ಟೋರೇಜ್, ಸೆಕೆಂಡಿಗೆ 5.5 ಜಿಬಿ ಓದುತ್ತದೆ, ಸೀರೀಸ್ ಎಕ್ಸ್‌ನದ್ದು 2.4 ಜಿಬಿ. ಒಂದು ಕಡೆ ಮುಂದಿರುವುದು ಇನ್ನೊಂದು ಕಡೆ ಹಿಂದೆ. ಎರಡರಲ್ಲೂ ಬರುವ ಎಷ್ಟೋ ಗೇಮ್‌ಗಳನ್ನು ಸೋಫಾದಲ್ಲಿ ಕೂತು ನೋಡಿದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಈ ಒಂದು ಸಂಖ್ಯೆ ಹಿಡಿದುಕೊಂಡು ಸುಮ್ನೆ ಜಗಳ ಆಡಬೇಡಿ.

ನಿಜವಾಗಿ ಕಾಡುವುದು ಜಾಗ. ಎಕ್ಸ್‌ಬಾಕ್ಸ್‌ನ ಅಗ್ಗದ ಮಾಡೆಲ್ ಸೀರೀಸ್ ಎಸ್ ಬಂದಾಗ ಅದರ ಡಬ್ಬಿ ಮೇಲೆ 512 ಜಿಬಿ ಅಂತಿತ್ತು, ಆದರೆ ಆನ್ ಮಾಡಿ ನೋಡಿದರೆ ನಿಮಗೆ ಉಳಿಯುವುದು 364 ಜಿಬಿ. ನೂರು ಜಿಬಿ ದಾಟುವ ಗೇಮ್ ಮೂರು ಹಾಕಿದರೆ ಮುಗೀತು, ನಾಲ್ಕನೆಯದು ಬೇಕಾದರೆ ಒಂದನ್ನು ಅಳಿಸಿ ಮತ್ತೆ ಡೌನ್‌ಲೋಡ್ ಮಾಡುತ್ತಾ ಕೂರಬೇಕು. ಮೊದಲ ಪಿಎಸ್5ರಲ್ಲಿ 825ರ ಪೈಕಿ 667 ಜಿಬಿ ಸಿಗುತ್ತದೆ, ಅಂಗಡಿಯಲ್ಲಿ ಸಿಗುವ, ಪಿಎಸ್5ಕ್ಕೆ ಹೊಂದುವ ಎಂ.2 (ಚಿಕ್ಕ ಪಟ್ಟಿಯಂಥ) ಎಸ್‌ಎಸ್‌ಡಿಯನ್ನು ಒಳಗೆ ಹಾಕಿಕೊಳ್ಳಲೂಬಹುದು. ಎಕ್ಸ್‌ಬಾಕ್ಸ್‌ಗೆ ಜಾಗ ಹೆಚ್ಚಿಸಲು ಅದರದ್ದೇ ಕಾರ್ಡ್ ಬೇಕು. ಆ ಕಾರ್ಡಿನ ಬೆಲೆಯನ್ನೂ ಚೀಟಿಗೆ ಸೇರಿಸಿ.

ಬೆಲೆಗೆ ಬರೋಣ. 2020ರ ನವೆಂಬರ್‌ನಲ್ಲಿ ಇಲ್ಲಿ ಸೀರೀಸ್ ಎಕ್ಸ್ 49,990, ಸೀರೀಸ್ ಎಸ್ 34,990 ರೂಪಾಯಿಗೆ ಬಂತು. 2021ರ ಫೆಬ್ರುವರಿ 2ಕ್ಕೆ ಬಂದ ಡಿಸ್ಕ್ ಪಿಎಸ್5ಕ್ಕೆ 49,990, ಡಿಸ್ಕ್ ಹಾಕಲು ಜಾಗವಿಲ್ಲದೆ ಡೌನ್‌ಲೋಡ್ ಮಾಡಿಯೇ ಆಡುವ ಡಿಜಿಟಲ್ ಮಾಡೆಲ್‌ಗೆ 39,990. ಆಮೇಲೆ ಆ ಎರಡೂ 5,000 ಏರಿದವು, ನಡುವಿನ ಹತ್ತು ಸಾವಿರದ ಅಂತರ ಹಾಗೇ ಉಳಿಯಿತು. ಡಿಜಿಟಲ್ ಅಗ್ಗ ಅಂತ ಕಾಣುತ್ತದೆ, ಆದರೆ ಇಲ್ಲೇ ಎಡವುವುದು. 4,999ರ ಡಿಸ್ಕ್ ಕೊಂಡು, ಆಡಿ ಮುಗಿಸಿ, 2,500ಕ್ಕೆ ಮಾರಿದಿರಿ ಅಂದುಕೊಳ್ಳಿ. ನಾಲ್ಕೇ ಗೇಮ್‌ಗೆ ಆ ಹತ್ತು ಸಾವಿರ ವಾಪಸ್. ಡಿಜಿಟಲ್‌ನಲ್ಲಿ ಕೊಂಡದ್ದನ್ನು ಮಾರುವ ಹಾಗೇ ಇಲ್ಲ, ಗೆಳೆಯನಿಂದ ಡಿಸ್ಕ್ ಇಸ್ಕೊಂಡು ಬರುವ ಹಾಗೂ ಇಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿದ್ದು, ಬೀದಿಯಲ್ಲಿ ಇನ್ನೂ ನಾಲ್ಕು ಮಂದಿ ಆಡುವವರಿದ್ದರೆ ಕಣ್ಣುಮುಚ್ಚಿ ಡಿಸ್ಕ್ ಮಾಡೆಲ್ ತಗೊಳ್ಳಿ. ದುಡ್ಡು ಕೊಟ್ಟು ಕೊಂಡ ಗೇಮ್‌ಗಳನ್ನು ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ಎರಡೂ ಕಡೆ ಚಂದಾ ಕಟ್ಟಬೇಕು. ಐದು ವರ್ಷದ ಚಂದಾ ಕೂಡಿಸಿ ನೋಡಿ.

ಕೊನೆಯದು, ಯಾವುದು ಜಾಸ್ತಿ ಮಾರುತ್ತದೆ ಅನ್ನುವುದು. ನಮಗ್ಯಾಕೆ ಅಂತೀರಾ? ಜನ ಕೊಂಡ ಕಡೆಗೇ ಗೇಮ್ ಮಾಡುವವರು ಹೋಗುತ್ತಾರೆ. ಅಮೆರಿಕದಲ್ಲಿ 2006ರ ನವೆಂಬರ್‌ನಲ್ಲಿ 60 ಜಿಬಿಯ ಪಿಎಸ್3 ಬಂದದ್ದು 599 ಡಾಲರಿಗೆ, ಬ್ಲೂ-ರೇ ಡ್ರೈವ್ ಸಮೇತ. ಅದೇ ತಿಂಗಳು ನಿಂಟೆಂಡೊ ವೀ ಬಂದದ್ದು 249ಕ್ಕೆ. ವೀಗೆ ಎಚ್‌ಡಿ ಚಿತ್ರ ಕೊಡುವ ಶಕ್ತಿಯೂ ಇರಲಿಲ್ಲ, ಆದರೆ ರಿಮೋಟ್ ಬೀಸಿ ಟೆನಿಸ್ ಆಡುವುದು ಅಜ್ಜಿಗೂ ಬಂತು. ಕೊನೆಗೆ ವೀ 10 ಕೋಟಿ ದಾಟಿತು, ಪಿಎಸ್3 ಎಂಟೂವರೆ ಕೋಟಿಯ ಆಚೆ ನಿಂತಿತು. ಹಾಗಿದ್ದರೂ ಪಿಎಸ್3, ಎಕ್ಸ್‌ಬಾಕ್ಸ್ 360ಗೆ ಬಂದ ಎಷ್ಟೋ ದೊಡ್ಡ ಗೇಮ್‌ಗಳು ವೀಗೆ ಬರಲಿಲ್ಲ, ಅದರ ಚಿಪ್‌ಗೆ ಅವು ಭಾರ. ಅದರ ಹಿಂದೆ ಬಂದ ವೀ ಯು ಸುಮಾರು 1.35 ಕೋಟಿಗೇ ನಿಂತಿತು, ಬೇರೆ ಕಂಪನಿಗಳು ಬೇಗನೆ ಕೈಬಿಟ್ಟವು. ಕೊಂಡವರ ಪಾಡು ಯೋಚಿಸಿ! ಅದಕ್ಕೇ ಮಾರಾಟದ ಅಂಕಿ ಒಂದನ್ನೇ ನೋಡಬೇಡಿ, ಮುಂದಿನ ವರ್ಷ ಬರುವ ಗೇಮ್‌ಗಳ ಪಟ್ಟಿಯಲ್ಲಿ ಯಾವ ಕನ್ಸೋಲ್ ಹೆಸರು ಕಾಣೆಯಾಗುತ್ತಿದೆ ಅಂತಲೂ ನೋಡಿ. ಮೈಕ್ರೋಸಾಫ್ಟ್ 2015ರಿಂದ ಎಷ್ಟು ಕನ್ಸೋಲ್ ಮಾರಿತು ಅಂತ ಹೇಳುವುದನ್ನೇ ನಿಲ್ಲಿಸಿದೆ, ಅಲ್ಲಂತೂ ಈ ಪಟ್ಟಿಯೇ ಗತಿ.

ಇಷ್ಟಾದ ಮೇಲೆ ಟಿವಿ ಹತ್ತಿರ ಹೋಗಿ. ಅದು 1080ಪಿ (ಫುಲ್ ಎಚ್‌ಡಿ) ಟಿವಿ ಆಗಿದ್ದರೆ, ಅದಕ್ಕಿಂತ ಸ್ಪಷ್ಟ ಚಿತ್ರದ 4ಕೆ ಅಂತ ಜಾಸ್ತಿ ಕೊಡುವ ದುಡ್ಡಿನ ಪೂರ್ತಿ ಫಲ ಸಿಗುವುದಿಲ್ಲ, ಸೀರೀಸ್ ಎಸ್ ಸಾಕಾಗಬಹುದು. ಹಾಗೇ ಒಂದು ಟೇಪ್ ತಂದು ಶೋಕೇಸ್ ಅಳೆಯಿರಿ. ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರಂತೂ ಇದನ್ನು ಮರೆಯಬೇಡಿ, ಮೊದಲ ಪಿಎಸ್5 ನಿಲ್ಲಿಸಿದರೆ 39 ಸೆಂಟಿಮೀಟರ್ ಎತ್ತರ.