ಮೊದಲ ಮರ ತೇಗವೇ ಆಗಬೇಕಾ?

ಮರಗೆಲಸವನ್ನು ಹವ್ಯಾಸಕ್ಕೆ ಶುರು ಮಾಡುವವರಿಗೆ ಎಲ್ಲರೂ ಹೇಳುವುದು ಒಂದೇ ಮಾತು, ತೇಗ ತಗೊಳ್ಳಿ. ನಾನು ಬೇಡ ಅನ್ನುತ್ತೇನೆ. ತೇಗ ಒಳ್ಳೆಯ ಮರವೇ, ಸೊಟ್ಟಗಾಗುವುದು ಕಡಿಮೆ, ಗೆದ್ದಲಿಗೂ ಸುಲಭಕ್ಕೆ ಸಿಗುವುದಿಲ್ಲ. ಆದರೆ ಕೈ ಪಳಗುವ ಮೊದಲೇ ಅಷ್ಟು ದುಡ್ಡು ಕೊಟ್ಟು ತಂದ ಹಲಗೆಯ ಮೇಲೆ ಗರಗಸ ಇಡೋಕೆ ಧೈರ್ಯ ಬರಬೇಕಲ್ಲ? ಜೊತೆಗೆ ಅದರಲ್ಲಿ ಸಿಲಿಕಾ ಇರುತ್ತದೆ, ಉಳಿಯ ಬಾಯಿ ಬೇಗ ಮೊಂಡಾಗುತ್ತದೆ.

ನಾನು ಹೊಸಬರಿಗೆ ಹೇಳುವುದು ಸಿಲ್ವರ್ ಓಕ್. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸಿ ಮೆಣಸಿನ ಬಳ್ಳಿ ಹಬ್ಬಿಸುತ್ತಾರಲ್ಲ, ಅದೇ. ಹಗುರ, ಉಳಿಗೆ ಮೆತ್ತಗೆ ಸಿಗುತ್ತದೆ. ಗರಗಸದ ಕೊಯ್ತ ಸರಿಯಾಗಿ ಬಿದ್ದ ಹಲಗೆಯಲ್ಲಿ ಜಾಲರಿಯಂಥ ಚುಕ್ಕೆಗಳು ಮಿನುಗುತ್ತವೆ, ಅದನ್ನು ನೋಡಿಯೇ ನಾನು ಪೆಟ್ಟಿಗೆಯ ಮುಚ್ಚಳಕ್ಕೆ ಇದನ್ನು ಇಡುವುದು. ಕೆಲವರಿಗೆ ಇದರ ಪುಡಿ ತಾಗಿದರೆ ಮೈ ತುರಿಸುತ್ತದೆ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಹೊರಗೆ ಮಳೆಗೆ ಇಡುವ ವಸ್ತುವಿಗೆ ಮಾತ್ರ ಬೇಡ.

ನನ್ನ ಮೆಚ್ಚಿನ ಮರ ಹಲಸು. ವೀಣೆಗೆ ಅದನ್ನೇ ಆರಿಸುತ್ತಾರೆ, ಸುಮ್ನೆ ಅಲ್ಲ. ಕೀಸಿದ ಕೂಡಲೇ ಅರಿಶಿನದ ಬಣ್ಣ, ವರ್ಷ ಕಳೆದಂತೆ ಕಂದು. ಸಾಮಿಲ್ಲಿನಲ್ಲಿ ಹಲಗೆ ಆರಿಸುವಾಗ ಅಂಚಿನ ಬಿಳಿ ಭಾಗ ಜಾಸ್ತಿ ಇರುವುದನ್ನು ನಾನು ಪಕ್ಕಕ್ಕಿಡುತ್ತೇನೆ, ಹುಳು ಮೊದಲು ಹಿಡಿಯುವುದು ಅಲ್ಲೇ. ಹಸಿ ಹಲಗೆ ತಂದರೆ ಎರಡೂ ತುದಿಗೆ ಬಣ್ಣ ಬಳಿದು, ಹಲಗೆಗಳ ನಡುವೆ ಮರದ ಪಟ್ಟಿ ಕೊಟ್ಟು, ನೆರಳಿನಲ್ಲಿ ಒಟ್ಟಿ ಇಡಬೇಕು. ತುದಿಯಿಂದ ನೀರು ಬೇಗ ಆರುತ್ತದೆ, ಸೀಳು ಬಿಡುವುದೂ ಅಲ್ಲಿಂದಲೇ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಕಾಯುವ ತಾಳ್ಮೆ ಇಲ್ಲದಿದ್ದರೆ ಹಳೇ ಮನೆ ಕೆಡವಿದ ಮರ ಮಾರುವ ಕಡೆ ಹೋಗಿ, ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು. ಒಳಗೆ ಮುರಿದು ಉಳಿದ ಒಂದು ಮೊಳೆ ಸಾಕು ಹಲಗೆ ಕೀಸುವ ಕೀಸುಳಿ ಹಾಳಾಗೋಕೆ.

ಹಲಸಿನ ಮರದ ಎಳೆ ಒಂದೇ ಕಡೆ ಓಡುವುದಿಲ್ಲ, ಅಲ್ಲಲ್ಲಿ ದಿಕ್ಕು ಬದಲಿಸುತ್ತದೆ. ಒಂದು ಕಡೆ ನುಣ್ಣಗೆ ಬಂದ ಕೀಸುಳಿ ಎರಡು ಇಂಚು ಮುಂದೆ ಹೋಗಿ ಚಕ್ಕೆ ಎಬ್ಬಿಸುತ್ತದೆ. ಅಂಥಲ್ಲಿ ನಾನು ಅಲಗನ್ನು ಆಗತಾನೇ ಸಾಣೆ ಹಿಡಿದು, ಕಾಗದದಷ್ಟು ತೆಳ್ಳಗೆ, ಸ್ವಲ್ಪ ಓರೆಯಾಗಿ ಎಳೆಯುತ್ತೇನೆ. ಉಳಿದದ್ದು ಉಪ್ಪುಕಾಗದದ ಪಾಲು.

ಊಟಕ್ಕೆ ಕೂರುವ ಮಣೆ ಮಾಡುವವರು ಒಂದು ವಿಷಯ ಗಮನಿಸಬೇಕು. ಮರ ಉದ್ದಕ್ಕೆ ಹೆಚ್ಚೂ ಕಡಿಮೆ ಬದಲಾಗುವುದೇ ಇಲ್ಲ, ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಕೆಳಗಿನ ಅಡ್ಡಪಟ್ಟಿಗೆ ಗೋಂದು ಬಳಿದು ಎರಡೂ ತುದಿಗೆ ಸ್ಕ್ರೂ ಬಿಗಿದರೆ ಹಲಗೆಗೆ ಅಲ್ಲಾಡಲು ಜಾಗವೇ ಇಲ್ಲ, ಏಪ್ರಿಲ್ ಹೊತ್ತಿಗೆ ನಡುವೆ ಸೀಳುತ್ತದೆ. ನಾನು ಗೋಂದು ಹಚ್ಚುವುದಿಲ್ಲ. ನಡುವಿನ ಸ್ಕ್ರೂ ಮಾತ್ರ ಬಿಗಿ, ತುದಿಯವಕ್ಕೆ ಪಟ್ಟಿಯಲ್ಲಿ ತೂತನ್ನು ಉದ್ದವಾಗಿ ಕೊರೆಯುತ್ತೇನೆ, ಹಲಗೆ ಹಿಗ್ಗಿದಾಗ ಸ್ಕ್ರೂ ಅದರೊಳಗೆ ಜರುಗುತ್ತದೆ.

ಮಾವು ಅಗ್ಗ, ಆದರೆ ಹುಳುವಿಗೆ ಬಲು ಇಷ್ಟ. ಬೇವಿನ ಪುಡಿ ಬಾಯೆಲ್ಲ ಕಹಿ ಮಾಡುತ್ತದೆ, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಮಾಂಸದಂಗಡಿಯ ಕೊರಡಿಗೆ ಹುಣಸೆಯೇ ಯಾಕೆ ಅನ್ನುವುದು ಒಮ್ಮೆ ಕೊಯ್ದು ನೋಡಿದರೆ ಗೊತ್ತಾಗುತ್ತದೆ, ಅಷ್ಟು ಗಟ್ಟಿ. ಲೇತ್, ಅಂದರೆ ಮರವನ್ನು ತಿರುಗಿಸಿ ಕಡೆಯುವ ಯಂತ್ರ, ಇದ್ದವರಿಗೆ ಆಲೆ ಮರ ಸಿಕ್ಕರೆ ಬಿಡಬಾರದು. ಚನ್ನಪಟ್ಟಣದ ಗೊಂಬೆಗಳ ಮರ ಅದು, ಬೆಳ್ಳಗೆ, ನುಣ್ಣಗೆ. ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಅಂಟುತ್ತದೆ, ಆಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಹೊಳಪು.

ನನ್ನ ಹಲಸಿನ ವಸ್ತುಗಳಿಗೆ ಲಿನ್ಸೀಡ್ (ಅಗಸೆ) ಎಣ್ಣೆ ಹಚ್ಚಿ, ಆರಿದ ಮೇಲೆ ಜೇನುಮೇಣ ಉಜ್ಜುತ್ತೇನೆ, ಅಷ್ಟೇ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಆರುವಾಗ ತಾನೇ ಬಿಸಿಯಾಗಿ ಬೆಂಕಿ ಹಿಡಿಯಬಹುದು. ಹೊರಗೆ ತಂತಿಯ ಮೇಲೆ ಬಿಡಿಸಿ ಹಾಕಿ, ಪೂರ್ತಿ ಗಡುಸಾದ ಮೇಲೆ ಕಸಕ್ಕೆ.